ಬರೆಯದೆ ಉಳಿದ ಹೆಸರು

ನಾರ್ಮನ್ ಪೆಲ್ಟಿಯರ್ ಡಾಕ್ಟರಿಕೆ ಓದಿದವನಲ್ಲ. ಆದರೂ ಸೇಂಟ್ ಜಾನ್ ನದಿಯ ಈ ದಡದಲ್ಲಿ ಎಲ್ಲರಿಗೂ ಅವನು ‘ಡಾಕ್’. ಇಪ್ಪತ್ತೊಂದರ ಪ್ರಾಯದಲ್ಲಿ ವಿಯೆಟ್ನಾಮಿನ ಕೆಸರುಗದ್ದೆಗಳಲ್ಲಿ ಒಂದು ವರ್ಷ ತನ್ನ ಪಡೆಯ ಔಷಧದ ಚೀಲ ಹೊತ್ತಿದ್ದ. ಆಮೇಲೆ ಮೂವತ್ತು ವರ್ಷ ಆಲೂಗೆಡ್ಡೆ ಗೋದಾಮಿನಲ್ಲಿ ಬೇರೆ ಚೀಲ ಹೊತ್ತ. ಆದರೂ ಯಾರ ಬೆರಳು ಬಾಗಿಲಿಗೆ ಸಿಕ್ಕಿ ಜಜ್ಜಿದರೂ ಮೊದಲು ಓಡಿ ಬರುತ್ತಿದ್ದುದು ಅವನ ಮನೆಗೆ. ಅಯ್ಯೋ ನನಗೇನು ಗೊತ್ತು ಅನ್ನುತ್ತಲೇ ಕನ್ನಡಕ ಹುಡುಕುತ್ತಿದ್ದ. ಡಾಕ್ ಅನಿಸಿಕೊಳ್ಳುವುದು ಅವನಿಗೆ ಒಳಗೊಳಗೇ ಬಲು ಇಷ್ಟ.

ಪ್ರತಿ ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಅವನ ಕಾಲು ತಾನಾಗಿ ರೋಸೇರ್ ಮಿಶೋನ ಮನೆ ಕಡೆ ತಿರುಗುತ್ತಿತ್ತು. ರೋಸೇರ್ ಒಲೆಯ ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿ ಕೂತಿರುತ್ತಿದ್ದ. ನಾರ್ಮನ್ ನೆಲದ ಮೇಲೆ ಕೂತು, ಬೋಗುಣಿಯ ಬೆಚ್ಚನೆ ನೀರಿನಲ್ಲಿ ಆ ಎರಡು ಪಾದ ತೊಳೆದು, ಬೆರಳ ಸಂದಿಗಳನ್ನು ಒಂದೊಂದಾಗಿ ಒರೆಸಿ, ಪೌಡರ್ ಹಾಕಿ, ಒಣ ಕಾಲುಚೀಲ ತೊಡಿಸುತ್ತಿದ್ದ. ಇಬ್ಬರೂ ಒಂದೇ ಪಡೆಯಲ್ಲಿದ್ದಾಗ ದಿನಾ ಸಂಜೆ ಮಾಡುತ್ತಿದ್ದ ಕೆಲಸ ಅದು. ಯುದ್ಧ ಮುಗಿದರೂ ಇವರದು ಮುಗಿಯಲಿಲ್ಲ.

“ಅಲ್ಲಾ, ಇವನು ಕಟ್ಕೊಂಡಿದ್ದು ನನ್ನನ್ನೋ ನಿನ್ನನ್ನೋ?” ಎಂದು ರೋಸೇರನ ಹೆಂಡತಿ ಯೋಲಾಂಡ್ ಕೆಣಕುತ್ತಿದ್ದಳು. “ನನ್ನ ಕಾಲು ಒಂದಿನಾನಾದ್ರೂ ಯಾರಾದ್ರೂ ಒತ್ತಿದ್ದುಂಟಾ?”

“ನಿನ್ನ ಕಾಲು ಒದೆಯುತ್ತೆ ಕಣೆ, ಅದಕ್ಕೇ ಯಾರೂ ಹತ್ರ ಬರಲ್ಲ,” ಅನ್ನುತ್ತಿದ್ದ ರೋಸೇರ್. ಅವಳು ನಗುತ್ತ ಕಾವಲಿಯ ಮೇಲೆ ಪ್ಲೋಯ್ ಎಂಬ ಹಳದಿ ದೋಸೆ ಹುಯ್ಯುತ್ತಿದ್ದಳು. ಒಂದೇ ಬದಿ ಬೇಯಿಸಿ, ಬೆಣ್ಣೆ ಸವರಿ, ಸುರುಳಿ ಸುತ್ತಿ ಕೊಡುತ್ತಿದ್ದಳು.

ಈ ಹರಟೆಯೆಲ್ಲ ಅವರ ಮನೆಮಾತಾದ ಫ್ರೆಂಚಿನಲ್ಲಿ. ನಾರ್ಮನ್, ರೋಸೇರ್ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಶಾಲೆಯಂಗಳದಲ್ಲಿ ಬಾಯಿತಪ್ಪಿ ಫ್ರೆಂಚ್ ಮಾತಾಡಿದರೆ ಮೇಡಮ್ಮು “ನಾನು ಇನ್ನು ಫ್ರೆಂಚ್ ಮಾತಾಡುವುದಿಲ್ಲ” ಎಂದು ನೂರು ಸಲ ಇಂಗ್ಲಿಷಿನಲ್ಲಿ ಬರೆಸುತ್ತಿದ್ದರು. ಇಬ್ಬರೂ ಅಕ್ಕಪಕ್ಕ ಕೂತು, ಮೇಡಮ್ಮನ್ನು ಫ್ರೆಂಚಿನಲ್ಲೇ ಬೈದುಕೊಂಡು ಬರೆಯುತ್ತಿದ್ದರು. ಅಂದಿನಿಂದ ಒಬ್ಬರಿಗೊಬ್ಬರು ಒಂದು ಮಾತನ್ನೂ ಇಂಗ್ಲಿಷಿನಲ್ಲಿ ಆಡಿದವರಲ್ಲ.

ರೋಸೇರನ ಪಾದಗಳು ವಿಯೆಟ್ನಾಮಿನ ಆ ಗದ್ದೆಗಳಲ್ಲೇ ಹಾಳಾಗಿದ್ದವು. ದಿನಗಟ್ಟಲೆ ನೀರಲ್ಲಿ ನೆಂದು, ಬಿಳಚಿ, ಚರ್ಮ ಕಾಲುಚೀಲದ ಜೊತೆಗೇ ಕಿತ್ತುಬರುತ್ತಿತ್ತು. ಊರಿಗೆ ಬಂದ ಮೇಲೆ ಹಲವು ವರ್ಷ ಮರ ಸಾಗಿಸುವ ಲಾರಿ ಓಡಿಸಿದ. ಒಂದು ದಿನ ಕಾಲಡಿಯಲ್ಲಿ ಬ್ರೇಕ್ ಇರುವುದೇ ತಿಳಿಯಲಿಲ್ಲ. ಅವತ್ತೇ ಕೀಲಿಕೈ ಮಾಲೀಕನ ಕೈಗಿಟ್ಟು ನಡೆದು ಮನೆಗೆ ಬಂದ. ಈಗ ಎಡಗಾಲಿನ ಎರಡು ಬೆರಳು ಕಪ್ಪಾಗಿ, ಹುಣ್ಣು ಮಾಯುತ್ತಿರಲಿಲ್ಲ. ಈ ರೋಗ ಸೇನೆಯ ಸೇವೆಯಿಂದಲೇ ಬಂದದ್ದೆಂದು ಪಿಂಚಣಿ ಕಚೇರಿ ಒಪ್ಪಿದರೆ ದೊಡ್ಡ ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗುತ್ತಿತ್ತು, ಪಾದ ಉಳಿಯುತ್ತಿತ್ತು. ಇಲ್ಲದಿದ್ದರೆ ಬೇಸಿಗೆಯೊಳಗೆ ಪಾದವನ್ನೇ ತೆಗೆಯಬೇಕಾಗುತ್ತದೆ ಎಂದು ಊರಿನ ವೈದ್ಯರು ಹೇಳಿದ್ದರು. ಅರ್ಜಿ ಎರಡು ಸಲ ತಿರಸ್ಕೃತವಾಗಿತ್ತು. ಮೂರನೆಯದಕ್ಕೆ ನಾರ್ಮನ್ ತಾನೇ ಸಾಕ್ಷಿ ಬರೆದುಕೊಟ್ಟಿದ್ದ: ನಾನು ಇವನಿಗೆ ಚಿಕಿತ್ಸೆ ಮಾಡಿದ್ದೇನೆ, ಪುಸ್ತಕದಲ್ಲಿ ದಾಖಲಿಸಿದ್ದೇನೆ, ಆ ಪುಸ್ತಕ ಯುದ್ಧದಲ್ಲಿ ಕಳೆದಿರಬೇಕು.

ನವೆಂಬರಿನ ಒಂದು ಭಾನುವಾರ ದಪ್ಪ ಲಕೋಟೆ ಬಂದಿತ್ತು. ಕಚೇರಿಯ ಇಂಗ್ಲಿಷ್ ರೋಸೇರನಿಗೆ ತಲೆನೋವು. ಕಾಗದಗಳನ್ನೆಲ್ಲ ಓದುವುದು ನಾರ್ಮನ್ನನ ಕೆಲಸ. ಗೆಳೆಯನ ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡೇ ಲಕೋಟೆ ಒಡೆದ.

“ಏನಂತೋ? ಕೊಟ್ರಂತಾ?”

“ತಡಿಯೋ ಮಾರಾಯ, ಓದೋಕೆ ಬಿಡು.”

ಪುಸ್ತಕ ಕಳೆದಿರಲಿಲ್ಲ. ಯಾವುದೋ ಕಡತದ ಕೋಣೆಯಲ್ಲಿ ಜೋಪಾನವಾಗಿತ್ತು. ಅದರ ಪುಟಗಳ ನಕಲು ಒಳಗಿತ್ತು. ತನ್ನದೇ ಗುಂಡು ಅಕ್ಷರ. ಪಾದ ಕೆಟ್ಟು ಒಣ ನೆಲದ ಶಿಬಿರಕ್ಕೆ ದೋಣಿ ಹತ್ತಿಸಿದ ಹನ್ನೊಂದು ಜನರ ಹೆಸರು, ತಾರೀಖು, ಎಲ್ಲವೂ ಇತ್ತು. ರೋಸೇರ್ ಮಿಶೋ ಎಂಬ ಹೆಸರು ಮಾತ್ರ ಇರಲಿಲ್ಲ. ಸಾಕ್ಷಿ ಹೇಳಿದ್ದಕ್ಕೂ ಸಾಕ್ಷಿಯದೇ ಪುಸ್ತಕಕ್ಕೂ ತಾಳೆಯಾಗುತ್ತಿಲ್ಲ, ಆದ್ದರಿಂದ ಈ ಹೇಳಿಕೆಯನ್ನು ನಂಬಲಾಗದು ಎಂದು ಕಾಗದ ಹೇಳುತ್ತಿತ್ತು.

“ಇನ್ನೊಂದು ಹೇಳಿಕೆ ಬೇಕಂತೆ,” ಅಂದ ನಾರ್ಮನ್. ಬೆರಳ ಸಂದಿಗೆ ಪೌಡರ್ ಹಾಕುವಾಗ ಡಬ್ಬಿ ಕೈಜಾರಿ ನೆಲವೆಲ್ಲ ಬೆಳ್ಳಗಾಯಿತು.

“ಮುದುಕ ಆದೆ ಕಣೋ ನೀನು,” ಎಂದು ರೋಸೇರ್ ನಕ್ಕ.

ಮೂರು ದಿನ ನಾರ್ಮನ್ ಮನೆಯಿಂದ ಹೊರಬೀಳಲಿಲ್ಲ. ಹೇಡಿ ಅನ್ನಿ ಬೇಕಾದರೆ. ಅವನೂ ತನಗೆ ತಾನೇ ಅದನ್ನೇ ಅಂದುಕೊಂಡ. ಇನ್ನೊಂದು ಸುಳ್ಳು ಹೊಸೆಯಬಹುದೇ ಎಂದೂ ನೋಡಿದ. ಆ ಕಪ್ಪು ಬೆರಳುಗಳು ಕಣ್ಣಮುಂದೆ ಬಂದವು. ಗುರುವಾರ ಬರೆಯಲು ಕೂತ. ಮಧ್ಯಾಹ್ನ ಆ ಹಾಳೆ ಹಿಡಿದು ರೋಸೇರನ ಎದುರು ನಿಂತ. ಕೂರಲಿಲ್ಲ. ಇಂಗ್ಲಿಷಿನಲ್ಲಿ ಬರೆದದ್ದನ್ನು ಫ್ರೆಂಚಿನಲ್ಲಿ ಓದಿ ಹೇಳಿದ.

“ರೋಸೇರ್ ಮಿಶೋನ ಪಾದಗಳು ಮಿಕ್ಕ ಹನ್ನೊಂದು ಜನರಿಗಿಂತ ಹೆಚ್ಚು ಕೆಟ್ಟಿದ್ದವು. ಹೆಸರು ಬರೆದುಕೋ, ದೋಣಿಗೆ ಹತ್ತಿಸು ಎಂದು ಅವನು ನಾಲ್ಕು ಸಲ ಕೇಳಿದ. ಬರೆದಿದ್ದೇನೆ, ನಾಳೆ ದೋಣಿ ಬರುತ್ತದೆ ಎಂದು ನಾಲ್ಕು ಸಲವೂ ಹೇಳಿದೆ. ನಾನು ಬರೆದಿರಲಿಲ್ಲ. ಹಿಂದಿನ ನನ್ನ ಹೇಳಿಕೆ ಸುಳ್ಳು.”

ಕಾವಲಿಯ ಮೇಲಿನ ದೋಸೆ ಸೀಯುತ್ತಿದ್ದರೂ ಯೋಲಾಂಡ್ ಅಲುಗಲಿಲ್ಲ.

“ಬರ್ದಿದೀನಿ ಅಂದಿದ್ಯಲ್ಲೋ,” ಅಂದ ರೋಸೇರ್. “ಸೊಂಟದ ಮಟ್ಟ ನೀರಲ್ಲಿ ನಿಂತ್ಕೊಂಡು ಆ ದೋಣಿ ದಾರಿ ಕಾದಿದ್ದೆ. ನಾನು ಹೋದ್ರೆ ನನ್ನ ಮಿಷನ್ ಗನ್ ಹೊರೋಕೆ ಬೇರೆ ಯಾರೂ ಇರ್ಲಿಲ್ವಾ?”

“ಇದ್ರು.”

“ಮತ್ತೆ ಯಾಕೋ?”

“ನೀನು ಹೋದ್ರೆ ಅಲ್ಲಿ ನನ್ನ ಜೊತೆ ನಮ್ಮ ಮಾತಾಡೋರು ಯಾರೂ ಇರ್ಲಿಲ್ಲ ಕಣೋ. ರಾತ್ರಿಯಾದ್ರೆ ಹೆದರಿಕೆ ಆಗ್ತಿತ್ತು. ನೀನು ಪಕ್ಕದಲ್ಲಿ ಕೂತು ನಿಮ್ಮಮ್ಮನ ಹಂದಿ ಕಥೆ ಹೇಳಿದ್ರೆ ನಿದ್ದೆ ಬರ್ತಿತ್ತು. ಇನ್ನೊಂದು ದಿನ ಇರ್ಲಿ ಅಂದ್ಕೊಂಡೆ. ಪ್ರತಿ ದಿನಾನೂ ಹಾಗೇ ಅಂದ್ಕೊಂಡೆ.”

ರೋಸೇರ್ ತನ್ನ ಪಾದಗಳನ್ನೇ ನೋಡಿದ. ಬೇರೆಯವರ ವಸ್ತು ನೋಡುವ ಹಾಗೆ ನೋಡಿದ.

“ಕಳಿಸು,” ಅಂದ.

ಚಳಿಗಾಲವಿಡೀ ಪ್ರತಿ ಶನಿವಾರ ಯೋಲಾಂಡ್ ಫೋನ್ ಮಾಡುತ್ತಿದ್ದಳು. “ಈ ವಾರ ಬೇಡ ನಾರ್ಮನ್, ಅವನಿಗೆ ಮೈ ಸರಿಯಿಲ್ಲ.” ಮೂರನೇ ವಾರದ ಹೊತ್ತಿಗೆ ಅವಳ ದನಿಯಲ್ಲಿ ಹಳೆಯ ಕೆಣಕು ಉಳಿದಿರಲಿಲ್ಲ. ನಾರ್ಮನ್ ಭಾನುವಾರ ಪೂಜೆ ಮುಗಿಸಿ, ತಿರುಗಬೇಕಾದ ತಿರುವಿನಲ್ಲಿ ತಿರುಗದೆ ನೇರ ಮನೆಗೆ ಬಂದು ಒಬ್ಬನೇ ರೇಡಿಯೋ ಕೇಳುತ್ತಿದ್ದ. ಯಾರಲ್ಲಿ ಹೇಳಿಕೊಳ್ಳುವುದು? ಹೇಳಿಕೊಳ್ಳಲು ಇದ್ದವನೊಬ್ಬನೇ.

ಮಾರ್ಚಿನಲ್ಲಿ ಕಚೇರಿ ಅರ್ಜಿ ಒಪ್ಪಿತು. ದೊಡ್ಡ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು, ಪಾದ ಉಳಿಯಿತು. ಸುದ್ದಿಯನ್ನು ನಾರ್ಮನ್ ಕೇಳಿದ್ದು ಚರ್ಚಿನ ಮೆಟ್ಟಿಲ ಮೇಲೆ, ಬೇರೆ ಯಾರದೋ ಬಾಯಲ್ಲಿ. ಅಂದು ಅವನು ಯಾರ ಫೋನಿಗೂ ಕಾಯದೆ ಆ ತಿರುವಿನಲ್ಲಿ ತಿರುಗಿದ. ಜೇಬಿನಲ್ಲಿ ಹೊಸ ಪೌಡರ್ ಡಬ್ಬಿ, ಒಂದು ಜೊತೆ ಉಣ್ಣೆಯ ಕಾಲುಚೀಲ.

ಯೋಲಾಂಡ್ ಬಾಗಿಲು ತೆಗೆದು ಪಕ್ಕಕ್ಕೆ ಸರಿದಳು. ರೋಸೇರ್ ಅದೇ ಕುರ್ಚಿಯಲ್ಲಿದ್ದ. ಕಾಲಿಗೆ ಆಸ್ಪತ್ರೆಯವರು ಕೊಟ್ಟ ದಪ್ಪ ಬೂಟು ತೊಟ್ಟಿದ್ದ. ಲಾಡಿಯನ್ನು ತಾನೇ ಕಟ್ಟಿಕೊಂಡಿರಬೇಕು, ಗಂಟು ವಕ್ರವಾಗಿತ್ತು. ನಾರ್ಮನ್ ಎಂದಿನಂತೆ ಮೊಣಕಾಲೂರಿ ನೆಲದ ಮೇಲೆ ಕೂತು ಲಾಡಿಗೆ ಕೈಹಾಕಿದ.

ರೋಸೇರ್ ಎರಡೂ ಕಾಲನ್ನು ಮೆಲ್ಲನೆ ಕುರ್ಚಿಯ ಕೆಳಗೆ ಎಳೆದುಕೊಂಡ. ಕೋಪವಿರಲಿಲ್ಲ ಅವನ ಮುಖದಲ್ಲಿ. ಗುರುತಿಲ್ಲದವರು ಬಂದರೆ ಮಾತಾಡಿಸುವಷ್ಟೇ ಮರ್ಯಾದೆಯಿಂದ ಹೇಳಿದ:

“ನನ್ನ ಕಾಲು ಈಗ ಚೆನ್ನಾಗಿದೆ. ಬಂದಿದ್ದಕ್ಕೆ ಥ್ಯಾಂಕ್ಸ್.”

ಅಷ್ಟನ್ನೂ ಅವನು ಇಂಗ್ಲಿಷಿನಲ್ಲಿ ಹೇಳಿದ.