ಅಕ್ಕ ಹೇಳಿದ ಸರಿ ಉತ್ತರ

ಮೊನ್ನೆ ಪುಣೆಯ ಕೋಥರೂಡದ ನಮ್ಮ ಅಡುಗೆಮನೆಯಲ್ಲಿ ಹಿಂಡಿದ ನಿಂಬೆಹೋಳು ಬಿಸಾಡಲು ಹೋದೆ. ಬೆರಳಿಗೆ ಹತ್ತಿದ ವಾಸನೆಗೆ ಕೈ ಹಾಗೇ ನಿಂತಿತು. ತೊಂಬತ್ತರ ದಶಕದಲ್ಲಿ, ಇದೇ ಪುಣೆಯ ಮೆಡಿಕಲ್ ಹಾಸ್ಟೆಲಿನಲ್ಲಿ, ಶವ ಕೊಯ್ಯುವ ತರಗತಿಯಿಂದ ಬಂದಾಗ ಕೈಗೆ ಅಂಟಿದ ನಾತ ಹೋಗಲೆಂದು ಒಬ್ಬಳು ನನಗೆ ನಿಂಬೆಹೋಳು ತಿಕ್ಕುತ್ತಿದ್ದಳು. ನನ್ನ ರೂಮಿನವಳು, ನನ್ನದೇ ತರಗತಿಯವಳು. ವಯಸ್ಸಿನಲ್ಲಿ ಒಂದು ವರ್ಷ ದೊಡ್ಡವಳೆಂದು ಅಕ್ಕಾ ಅನ್ನುತ್ತಿದ್ದೆ... ಬಾಗಿಲು ಹಾಕಿಕೊಂಡ ಮೇಲೆ ಮಾತ್ರ.

ವಿಜಾಪುರದ ಕಡೆಯವಳು, ಕನ್ನಡ ಶಾಲೆಯಲ್ಲಿ ಓದಿದವಳು. ನಾನೂ ಧಾರವಾಡದ ಕನ್ನಡ ಶಾಲೆಯವಳೇ. ಆದರೆ ಕಾಲೇಜಿನಲ್ಲಿ, ಪುಣೆಯಲ್ಲೇ ಬೆಳೆದೆ, ಕಾನ್ವೆಂಟಿನಲ್ಲಿ ಓದಿದೆ, ಕನ್ನಡ ಬಾರದು ಎಂದು ಹೇಳಿಬಿಟ್ಟಿದ್ದೆ. ಇಂಗ್ಲಿಷ್ ಮಾತು ನನಗೆ ಬೇಗ ಹತ್ತಿತು. ಆಕೆ ಇಂಗ್ಲಿಷಿನಲ್ಲಿ ಓದುತ್ತಿದ್ದಳು, ಬರೆಯುತ್ತಿದ್ದಳು, ಬಾಯಿ ತೆರೆದರೆ ತೊದಲುತ್ತಿದ್ದಳು. ತೋಳಿನ ಎಲುಬಿನ ಪಾಠ ನನ್ನ ತಲೆಗೆ ಹೋಗದಿದ್ದಾಗ ನನ್ನ ತೋಳನ್ನೇ ಹಿಡಿದು, ನರ ಹಾಯುವ ದಾರಿಗುಂಟ ಬೆರಳಾಡಿಸಿ, ಕನ್ನಡದಲ್ಲಿ ಕಲಿಸಿದಳು.

ಮೊದಲ ವರ್ಷದ ಮೌಖಿಕ ಪರೀಕ್ಷೆಯಲ್ಲಿ ಒಂದೇ ಟೇಬಲ್ಲಿಗೆ ಇಬ್ಬರನ್ನೂ ಕರೆದರು. ಪರೀಕ್ಷಕರು ಅದೇ ಎಲುಬನ್ನು ಅಕ್ಕನ ಕೈಗೆ ಕೊಟ್ಟು, ನಡುವೆ ಮುರಿದರೆ ಏನಾಗುತ್ತದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಆಕೆಯ ಬೆರಳು ಸರಿಯಾದ ಜಾಗಕ್ಕೇ ಹೋಯಿತು. ಮಾತು ಬರಲಿಲ್ಲ. ಅವರು ದನಿ ಏರಿಸಿ ಮತ್ತೆ ಕೇಳಿದರು. ಗಾಬರಿಯಲ್ಲಿ ಕನ್ನಡ ಬಂದುಬಿಟ್ಟಿತು.

“ಈ ಗೆರಿಯೊಳಗ ನರ ಹೋಗ್ತದರಿ ಸರ್. ಮುರದ್ರ ಮುಂಗೈ ಜೋತು ಬೀಳ್ತದರಿ.”

ಪರೀಕ್ಷಕರು ನಕ್ಕು ನನ್ನತ್ತ ತಿರುಗಿದರು. ಏನು ಹೇಳುತ್ತಿದ್ದಾಳೆ, ನಿನಗೇನಾದರೂ ತಿಳಿಯಿತೇ ಎಂದರು.

ಅಕ್ಕ ನನ್ನನ್ನೇ ನೋಡಿದಳು.

“ನೋ ಸರ್,” ಅಂದೆ.

ಅದೇ ಪ್ರಶ್ನೆ ನನಗೆ ಬಂತು. ಆಕೆ ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. “ಗುಡ್” ಅಂದರು.

ನಾನು ಪಾಸಾದೆ, ಆಕೆ ಫೇಲಾದಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಅಂದಿನಿಂದ ಬಾಗಿಲು ಹಾಕಿದ್ದರೂ ನನ್ನೊಡನೆ ತನ್ನ ಹರಕು ಇಂಗ್ಲಿಷಿನಲ್ಲೇ ಮಾತಾಡಿದಳು. ನೀರು ಬೇಕೇ ಎಂದು ಕೇಳುವುದಕ್ಕೂ... ಎರಡನೆಯ ಸಲವೂ ಫೇಲಾದ ಮೇಲೆ ಟ್ರಂಕು ಕಟ್ಟಿಕೊಂಡು ಊರಿಗೆ ಹೋದಳು.

ಎಷ್ಟೋ ವರ್ಷಗಳ ನಂತರ, ಎರಡು ಸಾವಿರದ ಇಸವಿ ದಾಟಿದ ಮೇಲೆ, ಮದುವೆಯೊಂದಕ್ಕೆಂದು ಆ ಕಡೆ ಹೋದವಳು ವಿಳಾಸ ಹುಡುಕಿ ಆಕೆಯ ಮನೆಗೆ ಹೋದೆ. ಕ್ಷಮೆ ಕೇಳಬೇಕಿತ್ತು. ಆಕೆಯ ತಾಯಿ ಚಾಪೆ ಹಾಸಿ ಕೂರಿಸಿದರು. ಕಾಮಾಲೆಯಾಗಿ ಮಗಳು ತೀರಿಹೋಗಿ ಎರಡು ವರ್ಷವಾಯಿತು ಎಂದರು. ಪುಣೆಯಲ್ಲಿ ಆಕೆಯ ಜೊತೆಯೇ ಓದಿದೆ ಅಂದೆ. ತಾಯಿ ನನ್ನ ಮುಖವನ್ನೇ ನೋಡಿದರು.

“ಹೌದೇನ್ರಿ? ಎಷ್ಟು ಚಂದ ಕನ್ನಡ ಮಾತಾಡ್ತೀರಿ! ಅಲ್ಲಿ ನಮ್ಮ ಮಾತು ತಿಳಿಯೋರು ಒಬ್ಬರೂ ಇರಲಿಲ್ಲ ಅಂತಿದ್ದಳಲ್ರಿ ನಮ್ಮ ಹುಡುಗಿ...”

ತಲೆ ತಗ್ಗಿಸಿ ಚಹಾ ಕುಡಿದು ಬಂದೆ.

ಈಗ ಟೇಬಲ್ಲಿನ ಆಚೆ ಕೂತು ಪ್ರಶ್ನೆ ಕೇಳುವವಳು ನಾನು. ಯಾರಾದರೂ ತಡವರಿಸಿದರೆ, ಮರಾಠಿಯೋ ಹಿಂದಿಯೋ, ಬಂದ ಭಾಷೆಯಲ್ಲಿ ಹೇಳು ಅನ್ನುತ್ತೇನೆ. ಹೇಳುತ್ತಾರೆ, ಪಾಸಾಗುತ್ತಾರೆ. ಕನ್ನಡದಲ್ಲಿ ಹೇಳಬೇಕಾದವಳು ಮಾತ್ರ ಇನ್ನು ಬರುವುದಿಲ್ಲ.