ಮೇಡಂ ಮುಚ್ಚದ ದೂರು

ಮೇಡಂ ಅವರ ಎಡಗಿವಿಯ ಅಂಚು ಒತ್ತಿ ಚಪ್ಪಟೆಯಾಗಿತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ವರ್ಷಗಟ್ಟಲೆ ಹೆಡ್‌ಸೆಟ್ ಹಾಕಿ ಹಾಗಾಯಿತೆಂದು ಅವರೇ ಹೇಳಿದರೋ, ನಾನೇ ಊಹಿಸಿಕೊಂಡೆನೋ, ಈಗ ಖಚಿತವಿಲ್ಲ. ನಿವೃತ್ತರಾದ ಮೇಲೆ ಅವರು ಜೆ.ಪಿ. ನಗರದ ನಮ್ಮ ಕಂಪನಿಗೆ ಗುತ್ತಿಗೆಯ ಮೇಲೆ ಬಂದಿದ್ದರು. ಮೊಬೈಲಿನಲ್ಲಿ ಸಂದೇಶ ಕಳಿಸುವ ಆ್ಯಪ್ ನಮ್ಮದು. ಬಳಕೆದಾರರ ದೂರು ನೋಡುವುದು ಮೇಡಂ ಕೆಲಸ. ಆ್ಯಪಿನ ಮಾತುಗಳನ್ನು ಕನ್ನಡದಲ್ಲಿ ಬರೆಯುವುದು ನನ್ನದು.

"ಲೈನ್ ಕೊಟ್ಟಾದ್ಮೇಲೆ ನಾವು ಕೇಳಿಸ್ಕೋಬಾರ್ದು, ಆಚೆ ಬಂದ್ಬಿಡ್ಬೇಕು," ಎಂದು ಆಗಾಗ ಹೇಳುತ್ತಿದ್ದರು. ಮೇಡಂ ಇನ್ನೂ ಟ್ರಂಕ್ ಕಾಲ್ ಕಾಲದಲ್ಲೇ ಇದ್ದಾರೆ ಎಂದು ಹುಡುಗರು ರೇಗಿಸುತ್ತಿದ್ದರು. ನಾನೂ ನಕ್ಕಿದ್ದೇನೆ.

ಒಂದು ಬೆಳಿಗ್ಗೆ ಉತ್ತರಹಳ್ಳಿಯಿಂದ ಒಬ್ಬಾಕೆ ಫೋನ್ ಮಾಡಿದರು. ಹೊಡೆಯುವ ಗಂಡನನ್ನು ಬಿಟ್ಟು ಬಂದು, ಹೊಸ ನಂಬರ್ ತೆಗೆದುಕೊಂಡು, ತಂಗಿಯ ಜೊತೆ ಮಾತಾಡಲೆಂದು ನಮ್ಮ ಆ್ಯಪ್ ಹಾಕಿಕೊಂಡಿದ್ದರು. ಆಕೆಯ ಫೋನಿನಲ್ಲಿದ್ದ ಎಲ್ಲ ನಂಬರುಗಳಿಗೂ ಆ್ಯಪ್ ತಾನಾಗಿಯೇ ಆ ಹೊಸ ನಂಬರ್ ಸಮೇತ ಸುದ್ದಿ ಕಳಿಸಿತ್ತು: 'ನಿಮ್ಮವರೊಬ್ಬರು ಬಂದಿದ್ದಾರೆ, ನಮಸ್ಕಾರ ಹೇಳಿ.' ಗಂಡನಿಗೂ ಹೋಗಿತ್ತು. ಆ ಸಾಲು ನಾನು ಬರೆದದ್ದು.

ಸೇರುವಾಗ ಆಕೆಯೇ ಒಪ್ಪಿಗೆ ಒತ್ತಿದ್ದಾರೆ, ಈ ಸುದ್ದಿ ನಿಲ್ಲಿಸಿದರೆ ಹೊಸಬರು ಬರುವುದು ಕಡಿಮೆಯಾಗುತ್ತದೆ ಎಂದರು ಮೀಟಿಂಗಿನಲ್ಲಿ ಮ್ಯಾನೇಜರ್.

"ಒಪ್ಪಿದ್ದು ತಂಗಿ ಹತ್ರ ಮಾತಾಡಕ್ಕೆ ಸಾರ್," ಎಂದರು ಮೇಡಂ. "ಗಂಡಂಗೆ ನಂಬರ್ ಕೊಟ್ಟಿದ್ದು ನಾವು."

ಸುದ್ದಿ ನಿಲ್ಲಿಸುವುದು ಬೇಡವೆಂದೇ ಮೀಟಿಂಗ್ ಮುಗಿಯಿತು.

ನಮ್ಮಲ್ಲಿ ಯಾವ ದೂರನ್ನಾದರೂ ವಾರದೊಳಗೆ 'ಮುಗಿದಿದೆ' ಎಂದು ಗುರುತು ಹಾಕಿ ಮುಚ್ಚಬೇಕು. ಮೇಡಂ ಮುಚ್ಚಲಿಲ್ಲ. ಪ್ರತಿ ಸೋಮವಾರ ಪರದೆಯ ಮೇಲೆ ಅದೊಂದು ಕೆಂಪಗೆ ಉಳಿಯುತ್ತಿತ್ತು. ಕೇಳಿದರೆ, ಆ ಮೆಸೇಜ್ ನಿಂತಿದೆಯಾ ಎಂದು ತಿರುಗಿ ಕೇಳುತ್ತಿದ್ದರು. ಆಕೆ ಹೆದರಿ ತಲಘಟ್ಟಪುರಕ್ಕೆ ಮನೆ ಬದಲಿಸಿದ ಮೇಲೂ ಮೇಡಂ ಫೋನ್ ಮಾಡಿ ವಿಚಾರಿಸಿಕೊಳ್ಳುತ್ತಿದ್ದರು.

ವರ್ಷದ ಕೊನೆಗೆ ಮೇಡಂ ಗುತ್ತಿಗೆ ಮುಂದುವರಿಯಲಿಲ್ಲ. ಆ ದೂರು ನನ್ನ ಹೆಸರಿಗೆ ಬಂತು. ಮೂರು ದಿನ ಹಾಗೇ ಇಟ್ಟುಕೊಂಡಿದ್ದೆನೆಂದು ನೆನಪು; ಮೂರು ಗಂಟೆಯೂ ಇರಬಹುದು. ಆಮೇಲೆ ಮುಚ್ಚಿದೆ. ಸುದ್ದಿ ಹೋಗುವುದು ಇವತ್ತಿಗೂ ನಿಂತಿಲ್ಲ.

ಹೋದ ವರ್ಷ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಮೇಡಂ ಸಿಕ್ಕಿದರು. ತುಂಬ ಇಳಿದುಹೋಗಿದ್ದರು. ತಮ್ಮ ಕಾಯಿಲೆಯ ಮಾತೆತ್ತದೆ, ಆ ದೂರು ಏನಾಯಿತು ಎಂದು ಕೇಳಿದರು.

"ಇನ್ನೂ ಓಪನ್ ಇದೆ ಮೇಡಂ," ಎಂದೆ.

"ಸದ್ಯ, ನೀವಿದೀರಲ್ಲ," ಎಂದು ಆಟೋ ಹತ್ತಿದರು.

ಎರಡು ತಿಂಗಳಿಗೆ ತೀರಿಕೊಂಡರಂತೆ. ಅವರ ಬಗ್ಗೆ ಇಲ್ಲಿ ಬರೆದದ್ದರಲ್ಲಿ ಎಷ್ಟು ಸರಿಯೋ ತಿಳಿಯದು. ಆ ಸುಳ್ಳು ಹೇಳಿದ್ದು ಮಾತ್ರ ಸರಿಯಾಗಿ ನೆನಪಿದೆ. ಕೇಳಿ ಅವರ ಮುಖ ಸಡಿಲವಾದದ್ದೂ.