ಛತ್ರದ ಮನೆಯ ಹಿಂಗೋಡೆ

ಅರಕೆರೆಯಲ್ಲಿ ಪುಟ್ಟತಾಯಮ್ಮನ ಮನೆ ಯಾವುದೆಂದು ಕೇಳಿದರೆ ಜನ ಯೋಚಿಸುತ್ತಾರೆ. ಛತ್ರ ಎಲ್ಲಿ ಎಂದರೆ ಮಕ್ಕಳೂ ಕೈತೋರಿಸುತ್ತವೆ. ಅವಳ ಮನೆಯೇ ಆ ಛತ್ರ. ಕರಿಘಟ್ಟದ ದೇವಸ್ಥಾನಕ್ಕೆ ನಡೆದು ಹೋಗುವವರು ತಂಗಲೆಂದು ಅರಸರ ಕಾಲದಲ್ಲಿ ಕಟ್ಟಿಸಿದ್ದು. ಅವಳ ಗಂಡ ಹೊನ್ನಪ್ಪನ ತಾತ ಅದನ್ನು ಹರಾಜಿನಲ್ಲಿ ಹಿಡಿದಿದ್ದ. ಕಲ್ಲುಕಂಬ, ಮೊಳದಗಲದ ಗೋಡೆ, ಗಾರೆ ತಾರಸಿ. ಹೊರಗೆ ನಿಂತು ನೋಡಿದವರು ಅರಮನೆ ಎನ್ನುತ್ತಿದ್ದರು, ಒಳಗೆ ಮಲಗಿದವರು ಸೀನುತ್ತಾ ಏಳುತ್ತಿದ್ದರು. ನಡುಮನೆಯ ಹಿಂಗೋಡೆ ವರ್ಷವಿಡೀ ಒದ್ದೆ. ಪೆಟ್ಟಿಗೆಯೊಳಗಿನ ಧಾರೆ ಸೀರೆಗೂ ಬೂಷ್ಟು.

ತೊಂಬತ್ತನಾಲ್ಕರ ಸಂಕ್ರಾಂತಿ ಹೊತ್ತಿಗೆ ಸೊಸೆ ಭಾಗ್ಯ ತವರೂರಾದ ಪಾಂಡವಪುರದಲ್ಲಿ ಹೆಣ್ಣುಮಗು ಹೆತ್ತಳು. ಪುಟ್ಟತಾಯಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಐದನೇ ತಿಂಗಳಿಗೆ ತಾಯಿ ಮಗುವನ್ನು ಗಂಡನ ಮನೆಗೆ ಕರೆತರುವುದು ವಾಡಿಕೆ. ಆದರೆ ನಾಮಕರಣದ ದಿನ ಬೀಗಿತ್ತಿ ಜಯಲಕ್ಷ್ಮಮ್ಮ ಎಲ್ಲರೆದುರೇ ಹೇಳಿಬಿಟ್ಟರು.

"ಅತ್ಗೆ, ಬ್ಯಾಸ್ರ ಮಾಡ್ಕಬ್ಯಾಡಿ. ಮಗೀಗೆ ಈಗ್ಲೇ ಎದೆ ಗೊರಗೊರ ಅಂತದೆ. ನಿಮ್ಮನೆ ಗ್ವಾಡೆ ಒಣಗೋಗಂಟ ನಾನು ಕಳ್ಸಕಿಲ್ಲ."

ಸುಳ್ಳಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಮಾತು ನಿಜವಾಗಿತ್ತು, ಅದಕ್ಕೇ ಇನ್ನೂ ಉರಿಯಿತು. ಮೊಮ್ಮಗಳನ್ನು ನೋಡಲು ಬಸ್ಸು ಹತ್ತಿ ಬೀಗರ ಮನೆಗೆ ಹೋಗಬೇಕಾದ ಅಜ್ಜಿ ಎಂಥ ಅಜ್ಜಿ?

ಊರಿಗೆ ಬಂದವಳೇ ಮೇಸ್ತ್ರಿ ಕುಳ್ಳಯ್ಯನನ್ನು ಕರೆಸಿದಳು. ಅವನು ಒದ್ದೆ ಗೋಡೆಗೆ ಎದೆಯೆತ್ತರ ಸಿಮೆಂಟು ಬಳಿದ, ಹೊನ್ನಪ್ಪ ಅದರ ಮೇಲೆ ಗಿಣಿಹಸಿರು ಬಣ್ಣ ಹೊಡೆಸಿದ. ನೋಡಲು ಬಹಳ ಚೆಂದವಾಗಿತ್ತು. ತಿಂಗಳೊಳಗೆ ತೇವ ಸಿಮೆಂಟಿನ ಮೇಲಂಚಿಗೆ ತಲೆಹಾಕಿ ದೇವರಗೂಡಿನವರೆಗೂ ಏರಿತು.

"ನಾಲೆ ನೀರು ಕಣಮ್ಮಿ," ಎಂದ ಹೊನ್ನಪ್ಪ. "ಊರೆಲ್ಲಾ ಜವುಗು. ನಾಲೆ ನಿಲ್ಸಕ್ಕೆ ನಾವೇನ್ ಸರ್ಕಾರವಾ?"

ಅವನ ಅಪ್ಪನೂ ನಾಲೆಯನ್ನೇ ಬಯ್ದು ಸತ್ತಿದ್ದ. ಆ ಬೇಸಿಗೆ ಎಂದಿನಂತೆ ನಾಲೆ ನಿಲ್ಲಿಸಿದರು. ಗದ್ದೆ ಬಿರುಕುಬಿಟ್ಟಿತು, ಪಕ್ಕದ ಮನೆಯ ಬಾವಿಯ ಹಗ್ಗಕ್ಕೆ ಇನ್ನೊಂದು ಮಾರು ಕಟ್ಟಬೇಕಾಯಿತು. ಇವರ ಹಿಂಗೋಡೆ ಮಾತ್ರ ಆಗ ತಾನೇ ಮಿಂದು ಬಂದಂತೆ ಬೆವರುತ್ತಿತ್ತು. ಇನ್ನು ಯಾರನ್ನು ಬಯ್ಯುವುದು? ಪುಟ್ಟತಾಯಮ್ಮ ಸೀರೆ ಎತ್ತಿ ಕಟ್ಟಿ ಹಿತ್ತಲಿಗೆ ಹೋದಳು.

ಗೋಡೆಗೆ ಒತ್ತಿಕೊಂಡು ಬಾಳೆಯ ಹಿಂಡು ನಿಂತಿತ್ತು. ಮದುವೆಯಾಗಿ ಬಂದ ವರ್ಷ ಅವಳೇ ನೆಟ್ಟದ್ದು. ಬಚ್ಚಲು ನೀರನ್ನು ಬಾಳೆಗೆ ಬಿಡದ ಮನೆ ಆ ಸೀಮೆಯಲ್ಲಿ ಎಲ್ಲಿದೆ? ಹಬ್ಬಕ್ಕೆ ಎಲೆ, ಮದುವೆಗೆ ಕಂಬ, ಎಲ್ಲರೂ ಅವಳ ಹಿತ್ತಲಿಗೇ ಬರುತ್ತಿದ್ದರು. ಅವಳು ಕೋಲೊಂದನ್ನು ಬುಡಕ್ಕೆ ಚುಚ್ಚಿದಳು. ಊರೆಲ್ಲ ಬಿರಿದ ಬಿಸಿಲಿನಲ್ಲಿ ಅದು ಹಿಟ್ಟಿನ ಮುದ್ದೆಯೊಳಕ್ಕೆ ಇಳಿದಂತೆ ಇಳಿಯಿತು. ಇಷ್ಟು ವರ್ಷ ಬಚ್ಚಲು ನೀರು ಬಿಟ್ಟು ಗೋಡೆಗೆ ಕೈಯಾರೆ ನೀರುಣಿಸಿದ್ದು ತಾನೇ ಎಂದು ಅವಳಿಗೆ ಆಗ ತಿಳಿಯಿತು.

ಗಂಡನಿಗೆ ಹೇಳಿದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ನಮ್ಮಪ್ಪ ನಾಲೇನ ಬಯ್ದಿದ್ದೆಲ್ಲಾ ದಂಡವಾಗೋಯ್ತಲ್ಲಮ್ಮಿ!"

"ನಗಾಡಿದ್ದು ಸಾಕು, ಗುದ್ಲಿ ತಕ್ಕಬನ್ನಿ."

ಹೂವು ಬಿಟ್ಟ ಬಾಳೆ ಕಡಿಯಲು ಅವನೇ ಹಿಂಜರಿದ. ಅವಳು ಮಚ್ಚು ಕಿತ್ತುಕೊಂಡು ಕಣ್ಣೊರೆಸಿಕೊಳ್ಳುತ್ತಲೇ ಕಡಿದಳು. ಬುಡದ ಮರಿಕಂದುಗಳನ್ನು ಹಿತ್ತಲಿನ ಆ ತುದಿಗೆ ನೆಟ್ಟು, ಬಚ್ಚಲು ನೀರು ಅಲ್ಲಿಗೇ ಹರಿಯಲು ಪೈಪು ಹಾಕಿಸಿದಳು. ಗೋಡೆಯ ಬುಡ ಅಗೆಸಿ ಬಿಸಿಲಿಗೆ ಬಿಟ್ಟಳು. ತೇವವನ್ನು ಒಳಗೇ ಹಿಡಿದು ಮೇಲಕ್ಕೇರಿಸಿದ್ದ ಸಿಮೆಂಟನ್ನೂ ಕಿತ್ತು ಸುಣ್ಣದ ಗಾರೆ ಮೆತ್ತು ಎಂದಾಗ ಕುಳ್ಳಯ್ಯನ ಮುಖ ಸಪ್ಪಗಾಯಿತು.

"ಸಿಮೆಂಟ್ ಕಿತ್ತಾಕಿ ಗಾರೆನಾ? ಜನ ನಗ್ತಾರೆ ಕಣವ್ವ."

"ನಕ್ಕೋರು ಬಂದು ನನ್ ಮೊಮ್ಮಗೀನ ಎತ್ಕತಾರಾ? ಕೀಳಪ್ಪ."

ಗುಂಡಿಯಲ್ಲಿ ಸುಣ್ಣ ಕೊಳೆಯಿತು, ಅದಕ್ಕೆ ಬೆರೆಸಲು ಆಲೆಮನೆಯಿಂದ ಬೆಲ್ಲದ ನೀರು ಬಂತು, ಗಾರೆ ಅರೆದು ಮೆತ್ತಿದ್ದಾಯಿತು. ಯಾರೋ ಎಂದೋ ಕಲ್ಲಿಟ್ಟು ಮುಚ್ಚಿದ್ದ ಕಿಟಕಿಯನ್ನು ತೆರೆಸಿದಾಗ ನಡುಮನೆಗೆ ಬೆಳಗಿನ ಬಿಸಿಲು ಬಿತ್ತು. ಗೋಡೆ ನಿಧಾನವಾಗಿ ಕಪ್ಪಿನಿಂದ ಬೂದಿಗೆ, ಬೂದಿಯಿಂದ ಬಿಳಿಗೆ ತಿರುಗಿತು. ಹೊನ್ನಪ್ಪನ ಸೀನು ನಿಂತಿತು.

ಐದನೇ ತಿಂಗಳು ಬಂತು, ಮಗು ಬರಲಿಲ್ಲ. "ಬ್ಯಾಸ್ಗೇಲಿ ಯಾವ್ ಗ್ವಾಡೆ ಒಣಗಕಿಲ್ಲ? ಮಳೆ ಬರ್ಲಿ," ಎಂದು ಜಯಲಕ್ಷ್ಮಮ್ಮ ಹೇಳಿ ಕಳಿಸಿದ್ದರು. ಗಟ್ಟಿ ಹೆಂಗಸು. ನಾಲೆಗೆ ನೀರು ಬಿಟ್ಟು, ವಾರವಿಡೀ ಜಡಿಮಳೆ ಹಿಡಿದ ಮೇಲೆ, ಮುನ್ಸೂಚನೆಯಿಲ್ಲದೆ ಅವರು ಮಗಳು ಮೊಮ್ಮಗಳ ಜೊತೆ ಬಸ್ಸಿಳಿದರು. ನೋಡಿಕೊಂಡು ಸಂಜೆ ಬಸ್ಸಿಗೆ ಮೂವರೂ ವಾಪಸ್ಸು ಎಂದು ಹೊಸಿಲಲ್ಲೇ ಹೇಳಿದರು.

ಗೋಡೆಯನ್ನು ಬುಡದಿಂದ ಮುಟ್ಟಿದರು. ಹಾಸಿಗೆ ಮೂಸಿದರು. ಕೇಳದೆಯೇ ಪೆಟ್ಟಿಗೆ ತೆಗೆದು ಕೈಯಾಡಿಸಿದರು. ಊಟ ಮಾಡಿದರು. ಮಗು ಹಿಂಗೋಡೆಯ ಪಕ್ಕದ ಚಾಪೆಯ ಮೇಲೆ ಬಾಯಿತೆರೆದು ನಿದ್ದೆಹೋಗಿತ್ತು.

ಬಸ್ಸಿನ ಹೊತ್ತಾಯಿತೆಂದು ಹೊನ್ನಪ್ಪ ಎಚ್ಚರಿಸಿದ. ಭಾಗ್ಯ ಮಗುವನ್ನು ಎತ್ತಿಕೊಳ್ಳಲು ಬಗ್ಗಿದಳು. ಜಯಲಕ್ಷ್ಮಮ್ಮ ಅವಳ ಕೈ ಹಿಡಿದರು.

"ಎಬ್ಬುಸ್ಬ್ಯಾಡ ಸುಮ್ಕಿರು. ನಾನೊಬ್ಳೇ ಓಗ್ತೀನಿ. ಅತ್ಗೆ, ತೊಟ್ಲು ನಾಳೀಕೆ ಕಳುಸ್ತೀನಿ."

ಪುಟ್ಟತಾಯಮ್ಮ ಹೇಳಬೇಕೆಂದು ತಿಂಗಳುಗಟ್ಟಲೆ ಬಿರುಸು ಮಾತುಗಳನ್ನು ಕೂಡಿಟ್ಟುಕೊಂಡಿದ್ದಳು. ಈಗ ಸೆರಗಿನಿಂದ ಮುಖ ಒರೆಸಿಕೊಂಡು ಬೀಗಿತ್ತಿಯ ಚೀಲ ಇಸಿದುಕೊಂಡಳು.

"ಇವತ್ತೊಂದಿನ ನೀವೂ ಇಲ್ಲೇ ಮನೀಕಳಿ ಅತ್ಗೆ," ಎಂದಳು.